ಹರಾಜಾಗದ ಹುಡುಗ, ಅಜ್ಜೀಪುರದ ಫ್ಲೆಕ್ಸು

ಹೋದ ತಿಂಗಳು ಯಳಂದೂರು ಕಡೆಯ ಹೈಸ್ಕೂಲೊಂದಕ್ಕೆ ಹೊಸದಾಗಿ ಸೇರಿರುವ ದೈಹಿಕ ಶಿಕ್ಷಕಿಯೊಬ್ಬಳು ಕೊಳ್ಳೇಗಾಲದ ನಮ್ಮ ಮನೆಗೆ ಬಂದಿದ್ದಳು. ಅವಳ ಶಾಲೆಯಲ್ಲಿ ಓದಿದ ಹುಡುಗನೊಬ್ಬನಿಗೆ ಕಬಡ್ಡಿ ಲೀಗಿನ ತಂಡವೊಂದರಿಂದ ಫೋನು ಬಂದಿದೆಯಂತೆ. ಹರಾಜಿನಲ್ಲಿ ಅವನನ್ನು ಯಾರೂ ಕೊಂಡಿಲ್ಲ, ಆದರೂ ತರಬೇತಿ ಶಿಬಿರಕ್ಕೆ ಬಾ ಅಂದಿದ್ದಾರೆ. ಕಳಿಸುವುದೋ ಬೇಡವೋ ಎಂದು ಅವನ ಮನೆಯವರು ಇವಳನ್ನು ಕೇಳಿದ್ದಾರೆ, ಇವಳು ನನ್ನನ್ನು ಕೇಳಲು ಬಂದಿದ್ದಾಳೆ.

ಅವಲಕ್ಕಿ ಒಗ್ಗರಣೆ ಹಾಕುತ್ತಲೇ ಹೇಳಿದೆ: "ಧೈರ್ಯವಾಗಿ ಕಳಿಸಮ್ಮ. ಆದರೆ ಊರಲ್ಲಿ ಫ್ಲೆಕ್ಸ್ ಹಾಕೋಕೆ ಬಿಡಬೇಡ."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ತಮಾಷೆಯಲ್ಲ ಎಂದು ವಿವರಿಸುವಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಯಿತು. ಅವಳಿಗೆ ಹೇಳದೆ ಉಳಿದದ್ದನ್ನು, ಅವಳಂತೆ ಈಗ ಸೀಟಿ ಕೊರಳಿಗೆ ಹಾಕಿಕೊಳ್ಳುತ್ತಿರುವ ಎಲ್ಲರಿಗೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಎಲ್ಲಿಂದ ಎಲ್ಲಿಗೆ ವರ್ಗವಾದೆ, ಯಾವಾಗ ಸಂಬಳ ಏರಿತು ಎಂಬುದೆಲ್ಲ ನಿಮಗೆ ಉಪಯೋಗಕ್ಕೆ ಬಾರದು. ನಿಮಗೂ ಅದೆಲ್ಲ ತಾನಾಗಿ ಆಗುತ್ತದೆ.

ನನ್ನ ಮೊದಲ ಶಾಲೆ ಹನೂರಿನ ಕಡೆಯದು. ಮೈದಾನ ಎಂದು ತೋರಿಸಿದ ಜಾಗದಲ್ಲಿ ಜಾಲಿ ಮುಳ್ಳು, ಒಡೆದ ಹೆಂಚು, ಮಧ್ಯಾಹ್ನದ ಹೊತ್ತಿಗೆ ಯಾರದೋ ಎರಡು ಎಮ್ಮೆ. ಮುಳ್ಳು ಕಡಿದು, ಹೆಂಚಿನ ಚೂರು ಆರಿಸಿ, ಕೆರೆಯ ಗೋಡು ಮಣ್ಣು ತರಿಸಿ ಜರಡಿ ಹಿಡಿದೆವು. ಮರ ಕೊಯ್ಯುವ ಮಿಲ್ಲಿನಿಂದ ಹೊಟ್ಟು ತಂದು ಮಣ್ಣಿಗೆ ಬೆರೆಸಿ, ನೀರು ಚಿಮುಕಿಸಿ, ತುಳಿದು ತುಳಿದು ಅಂಕಣ ಮಾಡಿದೆವು. ಜರಡಿ ನಮ್ಮ ಮನೆಯ ರಾಗಿ ಜರಡಿಯೇ. ಅತ್ತೆ ಬಹಳ ದಿನ ಅದನ್ನು ಹುಡುಕಿದರು.

ಆ ಶಾಲೆಯ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. ಗಣಿತದವರು, ಕೊಠಡಿ ನಿಶ್ಶಬ್ದವಾಗಿರಬೇಕು ಅವರಿಗೆ. ಅಂಕಣ ಇದ್ದದ್ದು ಹತ್ತನೇ ತರಗತಿಯ ಕಿಟಕಿಯ ಕೆಳಗೆ. ಮೊದಲ ದಿನವೇ ಕರೆಸಿ, "ಆಡಿಸಿ ಮೇಡಂ, ನಾನು ಬೇಡ ಅನ್ನಲ್ಲ. ಸದ್ದು ಮಾತ್ರ ಬರಬಾರದು" ಅಂದರು.

ಕಬಡ್ಡಿಯನ್ನು ಸದ್ದಿಲ್ಲದೆ ಆಡುವುದು ಹೇಗೆ? ಹೊಸಬಳು ನಾನು, ಎದುರು ಮಾತಾಡಲಿಲ್ಲ. ಪಿಸುಗುಟ್ಟಿಕೊಂಡು ಆಡಿ ಅಂದೆ ಹುಡುಗರಿಗೆ. ಅವರೂ ಪಾಠ ಓದಿಕೊಳ್ಳುವವರ ಹಾಗೆ ತುಟಿಯಲ್ಲೇ ಕಬಡ್ಡಿ ಕಬಡ್ಡಿ ಅನ್ನುತ್ತ ಎದುರಾಳಿಯ ಅಂಕಣಕ್ಕೆ ಹೋಗಿ ಬರುತ್ತಿದ್ದರು. ಎಷ್ಟು ಚೆನ್ನಾಗಿ ರೂಢಿಯಾಯಿತೆಂದರೆ ತಾಲೂಕು ಕ್ರೀಡಾಕೂಟದಲ್ಲೂ ಹಾಗೆಯೇ ಆಡಿದರು. ನಮ್ಮ ಹುಡುಗ ಇಬ್ಬರನ್ನು ಮುಟ್ಟಿ ಗೆರೆ ದಾಟಿ ಬಂದ. ರೆಫರಿ ಸೀಟಿ ಊದಿ, ಕೂಗು ಕೇಳಿಸಲಿಲ್ಲ, ಔಟ್ ಅಂದರು. ಮುಂದಿನವನೂ ಔಟ್. ಅದರ ಮುಂದಿನವನೂ. ಫೋಟೋಗೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ಹೆಡ್‌ಮಾಸ್ಟರು ಗೆರೆಯಾಚೆ ನಿಂತು, ಎಲ್ಲರಿಗಿಂತ ಜೋರಾಗಿ, "ಕಿರುಚ್ರೋ" ಎಂದು ಕಿರುಚಿದರು. ಹುಡುಗರಿಗೆ ಬಾಯಿ ಬಿಡಲು ಆಗಲೇ ಇಲ್ಲ. ಸೋತು ಬಂದ ಮಾರನೆಯ ದಿನ ಹತ್ತನೇ ತರಗತಿಯನ್ನು ಆಚೆ ಬದಿಯ ಕೊಠಡಿಗೆ ಬದಲಾಯಿಸಿದ್ದು ಅವರೇ. ಮೇಲಿನವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಿ, ಆದರೆ ಆಟದ ಉಸಿರು ಕಟ್ಟುವ ಮಾತಾದರೆ ಅವತ್ತೇ ಹೇಳಿಬಿಡಿ. ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಆಮೇಲೆ ಮ್ಯಾಟು ಬಂತು. ಮಣ್ಣಿನಲ್ಲಿ ಹೆಬ್ಬೆರಳು ಊರಿ ನಿಲ್ಲುತ್ತಿದ್ದ ನಮ್ಮ ಹುಡುಗರು ಮೊದಲ ದಿನ ಮ್ಯಾಟಿನ ಮೇಲೆ ಎಣ್ಣೆ ಚೆಲ್ಲಿದ ಅಡುಗೆಮನೆಯಲ್ಲಿ ನಡೆಯುವವರ ಹಾಗೆ ನಡೆದರು. ಬೂಟು ಹಾಕಿದರೆ ಕಾಲು ಭಾರ, ಬಿಚ್ಚಿದರೆ ಅಂಗಾಲು ಸುಲಿಯುತ್ತದೆ. ಕಾಮಗೆರೆಯ ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ ಸಿಸ್ಟರ್ ಒಬ್ಬರು, ನಿಮ್ಮ ಶಾಲೆಯವರು ಕೆಂಡ ತುಳಿಯುತ್ತಾರಾ ಎಂದು ಕೇಳಿದ್ದು ನೆನಪಿದೆ. ಮ್ಯಾಟಿನಿಂದ ಆಟದ ಬುದ್ಧಿಯೇ ಬದಲಾಯಿತು. ಮಣ್ಣಿನಲ್ಲಿ ಬಲ ಇದ್ದವನು ಗೆಲ್ಲುತ್ತಿದ್ದ. ಮ್ಯಾಟಿನಲ್ಲಿ ಕಾಲನ್ನು ಎಲ್ಲಿ ಇಡಬೇಕೆಂದು ತಿಳಿದವನು ಗೆಲ್ಲುತ್ತಾನೆ.

ತೂಕದ ಗಂಡಾಂತರವೂ ಹೊಸದು. ಜಿಲ್ಲಾ ತಂಡದ ಆಯ್ಕೆಗೆ ಹೊರಟ ಹುಡುಗನೊಬ್ಬನಿಗೆ ಅವನ ಅಜ್ಜಿ ಹಿಂದಿನ ದಿನ ನಾಟಿ ಕೋಳಿ ಸಾರು, ಮುದ್ದೆ ಇಟ್ಟು ಎದುರಿಗೆ ಕೂತು ಉಣ್ಣಿಸಿದ್ದರು. ಬೆಳಿಗ್ಗೆ ತಕ್ಕಡಿ ಹತ್ತಿದರೆ ಮಿತಿಗಿಂತ ಒಂದಿಷ್ಟು ಜಾಸ್ತಿ. ನಮ್ಮ ಯಜಮಾನರ ಸ್ವೆಟರ್ ಹಾಕಿಸಿ ಬಿಸಿಲಿನಲ್ಲಿ ಓಡಿಸಿ, ತಲೆಗೂದಲು ಬೋಳಿಸಿ, ಕೊನೆಗೆ ಸರಿ ತೂಗಿತು. ಅಂದಿನಿಂದ ಆಯ್ಕೆಯ ಹಿಂದಿನ ದಿನ ಅಜ್ಜಿಯರಿಗೆ ಫೋನು ಮಾಡುವುದು ನನ್ನ ಕೆಲಸಗಳಲ್ಲಿ ಒಂದಾಯಿತು.

ಈಗ ಮಾದೇಶನ ವಿಷಯಕ್ಕೆ ಬರುತ್ತೇನೆ.

ಮಾದೇಶ ಅಜ್ಜೀಪುರದವನು. ಅಪ್ಪ ಶಿವಮಾದಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಸಾಕುವವರು, ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ತರುತ್ತಿದ್ದರು. ತಾಯಿ ರತ್ನಮ್ಮ. ಹುಳಮನೆ ನಡೆಯುವುದು ಅವರಿಂದ. ಹುಡುಗ ಎಂಟನೇ ತರಗತಿಯಲ್ಲಿ ನನ್ನ ಕೈಗೆ ಸಿಕ್ಕಿದಾಗ ಎಲ್ಲರಂತೆ ರೈಡರ್ ಆಗಬೇಕೆಂದು ಕುಣಿಯುತ್ತಿದ್ದ. ಎದುರಾಳಿಗಳ ನಡುವೆ ನುಗ್ಗಿ ಮುಟ್ಟಿ ಬರುವವನಿಗೆ ಚಪ್ಪಾಳೆ ಬೀಳುತ್ತದಲ್ಲ. ನಾನು ಅವನನ್ನು ಎಡಗಡೆಯ ಮೂಲೆಗೆ ನಿಲ್ಲಿಸಿದೆ. ಆ ಜಾಗದವನ ಕೆಲಸ ಕಾಯುವುದು. ನುಗ್ಗಿ ಬಂದವನ ಕಾಲು ಹತ್ತಿರ ಬರುವ ತನಕ ಅಲ್ಲಾಡದೆ ಕಾದು, ಬಂದ ಕೂಡಲೇ ಪಾದದ ಮೇಲಿನ ಹರಡನ್ನು ಹಿಡಿಯುವುದು. ಮಾದೇಶ ಕಾಯಬಲ್ಲ ಎಂದು ನನಗೆ ತಿಳಿದದ್ದು ಮಧ್ಯಾಹ್ನದ ಊಟದ ಸಾಲಿನಲ್ಲಿ. ಎಲ್ಲರೂ ತಳ್ಳಾಡುತ್ತಿದ್ದರೆ ಇವನು ತಟ್ಟೆ ಹಿಡಿದು ನಿಂತು, ಸಾಲು ಒಡೆದ ಗಳಿಗೆಯಲ್ಲಿ ಸರಕ್ಕನೆ ಮುಂದೆ ಹೋಗಿಬಿಡುತ್ತಿದ್ದ.

ಅವನ ಸೋದರಮಾವ ನಾಗಮಲ್ಲನಿಗೆ ಇದು ಹಿಡಿಸಲಿಲ್ಲ. ನಾಗಮಲ್ಲ ಒಂದು ಅವಧಿಗೆ ಪಂಚಾಯ್ತಿ ಮೆಂಬರಾಗಿದ್ದವರು, ಊರಿನ ಯುವಕ ಸಂಘಕ್ಕೆ ಹಿರಿಯರು. ಶಾಲೆಗೇ ಬಂದು, "ಮೇಡಮ್ಮೋರೆ, ನಮ್ಮುಡುಗುನ್ನ ಮೂಲೆಲಿ ನಿಲ್ಸುದ್ರಂತೆ. ಅವನೇನು ತೆಪ್ ಮಾಡುದ್ನ?" ಎಂದು ಕೇಳಿದರು. ಮೂಲೆ ಅಂದರೆ ಅವರಿಗೆ ಶಿಕ್ಷೆ. ರೈಡರ್‌ಗಳು ಸಂತೆಯ ಜನದಷ್ಟಿದ್ದಾರೆ, ಎಡಮೂಲೆ ಕಾಯುವವರು ಕಡಿಮೆ, ಮುಂದೆ ಇವನಿಗೆ ಅನ್ನ ಕೊಡುವ ಜಾಗ ಅದೇ ಎಂದು ನಾನು ಹೇಳಿದ್ದನ್ನು ಅವರು ಪೂರ್ತಿ ನಂಬದೆ ಹೋದರು.

ಅನ್ನ ಕೊಡುವ ದಾರಿ ಹೇಗಿರುತ್ತದೆಂದು ನಿಮಗೆ ತಿಳಿದಿರಬೇಕು. ಲೀಗಿಗೆ ಹೆಸರು ಕೊಟ್ಟವರದು ದೊಡ್ಡ ಪಟ್ಟಿ. ಹರಾಜಿನಲ್ಲಿ ತಂಡಗಳು ತಮಗೆ ಬೇಕಾದವರನ್ನು ಕೊಳ್ಳುತ್ತವೆ. ಎಷ್ಟೋ ಹುಡುಗರ ಹೆಸರನ್ನು ಕೂಗುವುದೇ ಇಲ್ಲ. ಮಾದೇಶ ಡಿಗ್ರಿ ಮುಗಿಸಿದ ವರ್ಷ ಅವನ ಹೆಸರೂ ಪಟ್ಟಿಯಲ್ಲಿತ್ತು. ನಾವೆಲ್ಲ ಅವರ ಮನೆಯ ಜಗಲಿಯಲ್ಲಿ ಫೋನು ಗೋಡೆಗೆ ಆನಿಸಿ ನೋಡುತ್ತ ಕೂತಿದ್ದೆವು. ಹರಾಜು ಮುಗಿದು ಜಾಹೀರಾತು ಶುರುವಾಯಿತು. ಶಿವಮಾದಪ್ಪ ಇನ್ನೂ ನೋಡುತ್ತಲೇ ಇದ್ದರು.

"ನಮ್ ಲಾಟ್ ಬರ್ನೇ ಇಲ್ವಲ್ಲ ಮೇಡಮ್ಮೋರೆ," ಅಂದರು. "ಗೂಡಿನ್ ಮಾರ್ಕೆಟ್ಟಲ್ಲಿ ನೂಲ್ ತೆಗ್ಯೊ ರೀಲರ್ರು ಕೈ ಆಕಿ ಅಲ್ಲಾಡ್ಸಿ ನೋಡಿ, ಆಮ್ಯಾಕೆ ಬ್ಯಾಡ ಅಂತರ. ಇಲ್ಲಿ ಕೈ ಸೈತ ಆಕ್ನಿಲ್ಲ."

ಎದ್ದು ಹೋದ ಮಾದೇಶ ಸೊಪ್ಪು ಕತ್ತರಿಸುವ ಕಡೆ ಕೂತ. ಆದರೆ ಸ್ವಲ್ಪ ದಿನಕ್ಕೆ ಒಂದು ತಂಡದ ಸಹಾಯಕ ಕೋಚ್ ಫೋನು ಮಾಡಿದರು. ಯಳಂದೂರಿನಲ್ಲಿ ನಡೆದ ಪಂದ್ಯಾವಳಿಯಲ್ಲಿ ಇವನ ಹಿಡಿತ ನೋಡಿದ್ದರಂತೆ. ಶಿಬಿರಕ್ಕೆ ಬರಲಿ, ಕರಾರು ಕಳಿಸುತ್ತೇವೆ ಅಂದರು.

ಆ ಕರಾರನ್ನು ಕೊಳ್ಳೇಗಾಲದಲ್ಲಿ ಪ್ರಿಂಟು ಹಾಕಿಸಿಕೊಂಡು ಬಸ್ಸಿನಲ್ಲಿ ಅಜ್ಜೀಪುರಕ್ಕೆ ಹೋದೆ. ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿದೆ. ಊಟ, ವಸತಿ ಅವರದು. ಶಿಬಿರದಲ್ಲಿ ಪೆಟ್ಟಾದರೆ ಚಿಕಿತ್ಸೆ ಅವರದು. ಅಷ್ಟು ದಿನ ಬೇರೆ ತಂಡದ ಜತೆ ಮಾತಾಡುವ ಹಾಗಿಲ್ಲ. ಕೊನೆಯ ಪಟ್ಟಿ ಹೊರಬೀಳುವ ಮೊದಲು ಯಾವತ್ತು ಬೇಕಾದರೂ, ಕಾರಣ ಹೇಳದೆ, ಮನೆಗೆ ಕಳಿಸಬಹುದು.

"ಬುಡ್ತೀವಿ ಅಂತ ಮೊದ್ಲೇ ಬರ್ದು ಮಡ್ಗವ್ರಲ್ಲ," ಅಂದರು ರತ್ನಮ್ಮ.

"ಬರೆದಿರೋದು ಒಳ್ಳೇದೇ ರತ್ನಮ್ಮ. ಆಸೆ ಎಷ್ಟು ಇಟ್ಟುಕೋಬೇಕು ಅಂತ ಗೊತ್ತಾಗುತ್ತೆ."

ಎಷ್ಟು ಇಟ್ಟುಕೊಳ್ಳಬೇಕೆಂಬುದನ್ನೂ ಹೇಳಿದೆ. ಹೀಗೆ ಹೋದವರಲ್ಲಿ ಹೆಚ್ಚಿನವರು ವಾಪಸು ಬರುತ್ತಾರೆ. ಹರಾಜಿನಲ್ಲಿ ಕೊಂಡ ಹುಡುಗ ತಪ್ಪು ಮಾಡಿದರೆ ಕಲಿಯುತ್ತಿದ್ದಾನೆ ಅನ್ನುತ್ತಾರೆ. ಕರೆದು ತಂದವನು ತಪ್ಪು ಮಾಡಿದರೆ, ಅದಕ್ಕೇ ಇವನನ್ನು ಯಾರೂ ಕೊಳ್ಳಲಿಲ್ಲ ಅನ್ನುತ್ತಾರೆ. ಆದರೆ ಮೂಲೆಯವರ ಮಂಡಿ, ಭುಜ ಬೇಗ ಪೆಟ್ಟು ತಿನ್ನುತ್ತವೆ. ಸೀಸನ್ನಿನ ನಡುವೆ ಬದಲಿ ಬೇಕಾದಾಗ, ಶಿಬಿರದಲ್ಲಿ ನೋಡಿದ ಮುಖವನ್ನೇ ಮೊದಲು ಕರೆಯುತ್ತಾರೆ. ಹಾಗಾಗಿ ವಾಪಸು ಬಂದ ಮೇಲೂ ಆಟ ಮುಗಿದಿರುವುದಿಲ್ಲ.

ಶಿವಮಾದಪ್ಪ ಯೋಚಿಸಿ ಕೇಳಿದರು: "ಗೂಡಾದ್ರ ಇವತ್ ಮಾರ್ನಿಲ್ಲ ಅಂದ್ರೆ ನಾಳಕೆ ನಾಡಿದ್ಕೆ ಮಾರ್ಬೋದು. ಆಮ್ಯಾಕೆ ಚಿಟ್ಟೆ ಒಡ್ಕಂಡು ಓಯ್ತದ. ಇವನ್ಗೆ ಎಷ್ಟ್ ದಿವ್ಸ ಟೈಮದ?"

"ಮಂಡಿ ನೆಟ್ಟಗಿರೋ ತನಕ," ಅಂದೆ. ಅವರಿಗೆ ಆ ಲೆಕ್ಕ ಅರ್ಥವಾಯಿತು. ಮಾದೇಶ ಸಹಿ ಹಾಕಿದ.

ಅವನು ಹೊರಟ ವಾರದಲ್ಲೇ ಫ್ಲೆಕ್ಸು ಎದ್ದಿತು. ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸುಗಳೆಲ್ಲ ನಿಲ್ಲುವ ಕಡೆ, ಎರಡು ಕಂಬದ ನಡುವೆ, ಮನೆಯ ಗೋಡೆಯಷ್ಟು ದೊಡ್ಡದು. ಮಧ್ಯೆ ತೊಡೆ ತಟ್ಟುತ್ತಿರುವ ಮಾದೇಶ, ಪಕ್ಕದಲ್ಲಿ ಬಾಯಿ ತೆರೆದ ಹುಲಿ. ಲೀಗ್ ತಂಡಕ್ಕೆ ಆಯ್ಕೆಯಾದ ನಮ್ಮೂರ ಹುಲಿಗೆ ಅಭಿನಂದನೆಗಳು. ಮೇಲೆ ಕೈ ಮುಗಿದ ನಾಗಮಲ್ಲ, ಕೆಳಗೆ ಯುವಕ ಸಂಘದವರ ಮುಖಗಳು ಸಾಲಾಗಿ. ಬಲಮೂಲೆಯಲ್ಲಿ ನಾನು. ಯಾವುದೋ ಗುಂಪು ಫೋಟೋದಿಂದ ಕತ್ತರಿಸಿದ್ದು, ನನ್ನ ಭುಜದ ಮೇಲೆ ಬೇರೆ ಯಾರದೋ ಕೈ ಹಾಗೇ ಉಳಿದಿತ್ತು.

ನಾಗಮಲ್ಲನಿಗೆ ಫೋನು ಮಾಡಿ, ಇನ್ನೂ ಆಯ್ಕೆಯಾಗಿಲ್ಲ, ಶಿಬಿರಕ್ಕೆ ಮಾತ್ರ ಕರೆದಿದ್ದಾರೆ, ಕೊನೆಯ ಪಟ್ಟಿ ಬರುವ ತನಕ ಇಳಿಸಿ ಅಂದೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ಏ, ಬುಡಿ ಮೇಡಮ್ಮೋರೆ. ಊರೋರೆಲ್ಲ ಸೇರಿ ಇಷ್ಟ್ ದೊಡ್ದಾಗಿ ಆಕಿದ್ ಮ್ಯಾಕೆ ಅವ್ರು ವಾಪಸ್ ಕಳ್ಸಾರ?"

ಇದು ನಮ್ಮ ಕಡೆಯ ಪದ್ಧತಿ. ಕೆಲಸ ಸಿಕ್ಕರೆ ಫ್ಲೆಕ್ಸು, ಪಾಸಾದರೆ ಫ್ಲೆಕ್ಸು, ಹುಟ್ಟುಹಬ್ಬಕ್ಕೂ ಫ್ಲೆಕ್ಸು. ಪ್ರೀತಿಯಿಂದಲೇ ಹಾಕುತ್ತಾರೆ. ಆದರೆ ಶಿಬಿರದ ಕರಾರಿನಲ್ಲಿ ವಾಪಸು ಬರುವ ಬಾಗಿಲೊಂದು ಇದೆಯಲ್ಲ, ಅದಕ್ಕೆ ಅಡ್ಡವಾಗಿ ಇದು ನಿಲ್ಲುತ್ತದೆ.

ಕೊನೆಯ ಪಟ್ಟಿಯ ಹಿಂದಿನ ದಿನ ಮಾದೇಶನನ್ನು ಬಿಟ್ಟರು. ತಂಡ ಕೊಂಡಿದ್ದ ಎಡಮೂಲೆಯವನ ಭುಜ ವಾಸಿಯಾಗಿತ್ತು, ಅಷ್ಟೇ ಕಾರಣ. ಅವನು ಊರಿಗೆ ಹೋಗದೆ ಕೊಳ್ಳೇಗಾಲದಲ್ಲೇ ಇಳಿದು ನಮ್ಮ ಮನೆಗೆ ಬಂದ. ಬಾಗಿಲು ತೆಗೆದ ನಮ್ಮ ಯಜಮಾನರು ಏನನ್ನೂ ಕೇಳದೆ ಅವನ ಬ್ಯಾಗನ್ನು ತೆಗೆದುಕೊಂಡು, ಕೈಕಾಲು ತೊಳೆಯಲು ನೀರು ತೋರಿಸಿದರು. ಅವತ್ತು ಅವರೆಕಾಳು ಸಾರು ಮಾಡಿದ್ದೆ. ಎರಡು ಮುದ್ದೆ ಉಂಡು ತಟ್ಟೆ ತೊಳೆದಿಟ್ಟು ಬಂದು ಕೂತ.

"ಕೋಚ್ ಏನಂದರು?" ಎಂದು ಕೇಳಿದೆ.

"ಓಡ್ತಿರು, ಉಸ್ರು ಬುಡ್ಬೇಡ, ಬೇಕಾದ್ರೆ ಕರಿತೀವಿ ಅಂದ್ರು. ಎಲ್ರಿಗೂ ಅಂಗೇ ಅಂತರಂತೆ, ಮಿಸ್."

"ಊರಿಗೆ ಯಾವಾಗ ಹೋಗ್ತೀಯ?"

"ಆ ಫ್ಲೆಕ್ಸ್ ಇರಗಂಟ ನಾನ್ ಅಜ್ಜೀಪುರದಲ್ಲಿ ಬಸ್ ಇಳಿಯಲ್ಲ ಮಿಸ್. ಅದ್ರ ಕೆಳ್ಗೇ ಇಳೀಬೇಕು. ನನ್ ಮೊಕ ನೋಡ್ತರ, ಮ್ಯಾಲಿರದ್ ನೋಡ್ತರ."

ರತ್ನಮ್ಮನಿಗೆ ಆಗಲೇ ಫೋನು ಮಾಡಿ ಹುಡುಗ ನಮ್ಮಲ್ಲಿದ್ದಾನೆ ಎಂದು ತಿಳಿಸಿದೆ. ಹುಳಕ್ಕೆ ಕೊನೆಯ ಸುತ್ತಿನ ಸೊಪ್ಪು ಹಾಕುತ್ತಿದ್ದ ದಿನಗಳು, ಅವರು ಬರುವ ಹಾಗಿರಲಿಲ್ಲ. ಮಾದೇಶ ನಮ್ಮ ಮನೆಯ ನೀರು ತುಂಬಿದ, ಮಿಕ್ಸಿ ರಿಪೇರಿ ಮಾಡಿದ, ಪಕ್ಕದ ಮನೆಯವರ ತೆಂಗಿನಕಾಯಿ ಸುಲಿದುಕೊಟ್ಟ. ಮೈದಾನಕ್ಕೆ ಮಾತ್ರ ಹೋಗಲಿಲ್ಲ. ಬೂಟು ಬ್ಯಾಗಿನಿಂದ ಹೊರಬರಲೇ ಇಲ್ಲ. ಸ್ನೇಹಿತನೊಬ್ಬ ಮೈಸೂರಿನಲ್ಲಿ ಸೆಕ್ಯುರಿಟಿ ಕೆಲಸ ಇದೆ ಅಂದಿದ್ದಾನೆ, ಸೋಮವಾರ ಹೋಗುತ್ತೇನೆ ಅಂದ.

ನನಗೆ ಯಳಂದೂರಿನ ಸಿದ್ದರಾಜು ನೆನಪಾದ. ಮಾದೇಶನಿಗಿಂತ ಹಿಂದೆ ನಾನು ಶಿಬಿರಕ್ಕೆ ಕಳಿಸಿದ್ದ ಹುಡುಗ ಅವನು. ಅವನನ್ನೂ ಹೀಗೆಯೇ ಬಿಟ್ಟರು. ಬೇಜಾರಾಗಿ ಓಟ ನಿಲ್ಲಿಸಿ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಸೀಸನ್ನಿನ ನಡುವೆ ನಿಜವಾಗಿಯೂ ಕರೆದರು. ಹೋದ, ಓಟದ ಪರೀಕ್ಷೆಯಲ್ಲಿ ಅರ್ಧಕ್ಕೇ ಉಸಿರು ಹತ್ತಿ ಕೂತುಬಿಟ್ಟ. ಮಾರನೆಯ ದಿನವೇ ವಾಪಸು. ಈಗ ಒಳ್ಳೆಯ ರೆಫರಿಯಾಗಿದ್ದಾನೆ, ಚೆನ್ನಾಗಿದ್ದಾನೆ. ಆದರೆ ಕರೆ ಬರುವುದೇ ಇಲ್ಲ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬರುತ್ತದೆ. ಬಂದ ದಿನ ಉಸಿರು ಇರಬೇಕು.

ಮಾದೇಶನಿಗೂ ಇದನ್ನು ಹೇಳಿದೆ. ತಲೆಯಾಡಿಸಿದ, ಬೂಟು ತೆಗೆಯಲಿಲ್ಲ. ಸಮಸ್ಯೆ ಅವನ ಕಾಲಿನಲ್ಲಿಲ್ಲ, ಅಜ್ಜೀಪುರದ ಎರಡು ಕಂಬಗಳ ನಡುವೆ ಇದೆ ಎಂದು ಗೊತ್ತಾಗಿ, ಶನಿವಾರ ಶಾಲೆ ಬಿಟ್ಟೊಡನೆ ಬೆಟ್ಟದ ಬಸ್ಸು ಹತ್ತಿದೆ.

ಇಳಿದದ್ದು ಫ್ಲೆಕ್ಸಿನ ಕೆಳಗೇ. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ನಾಗಮಲ್ಲ ಕೂತಿದ್ದರು. ವಿಷಯ ಅವರಿಗೂ ತಿಳಿದಿತ್ತು, ಮುಖ ಸಣ್ಣದಾಗಿತ್ತು. ಇಳಿಸಿಬಿಡಿ ಅಂದೆ. ಅವರು ದನಿ ತಗ್ಗಿಸಿ, "ಎಂಗ್ ಇಳಿಸ್ಲಿ ಮೇಡಮ್ಮೋರೆ? ಇಳ್ಸುದ್ರೆ ಹುಡುಗ ಬಿದ್ದೋದ ಅಂತ ನಾನೇ ಡಂಗೂರ ಸಾರ್ದಂಗೆ ಆಯ್ತದ. ಗಾಳಿಗೆ ಅದೇ ಹರ್ದೋಗ್ಲಿ ಬುಡಿ" ಅಂದರು.

ಅದು ಹರಿಯುವ ಮಾಲಲ್ಲ. ಒಳ್ಳೆಯದನ್ನೇ ಮಾಡಿಸಿದ್ದರು.

ರತ್ನಮ್ಮನ ಮನೆಗೆ ಹೋದರೆ ಒಬ್ಬರಿಗೂ ಪುರುಸೊತ್ತಿಲ್ಲ. ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸುತ್ತದೆ, ಆಗ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಸಿಕ್ಕಲ್ಲಿ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತದೆ. ನಾನೂ ಸೀರೆ ಸೆರಗು ಸಿಕ್ಕಿಸಿ ಆರಿಸಲು ಕೂತೆ. ಆರಿಸುತ್ತ ಆರಿಸುತ್ತ ಮಾದೇಶ ಹೇಳಿದ್ದನ್ನು, ಸಿದ್ದರಾಜುವಿನ ಕತೆಯನ್ನು, ಸೋಮವಾರದ ಸೆಕ್ಯುರಿಟಿ ಕೆಲಸವನ್ನು ಹೇಳಿದೆ. ನಾಗಮಲ್ಲ ಅಂದದ್ದನ್ನೂ ಹೇಳಿದೆ.

ರತ್ನಮ್ಮ ಕೈಯಲ್ಲಿದ್ದ ಹುಳಗಳನ್ನು ತಟ್ಟಿಗೆ ಬಿಟ್ಟು ಹೊರಗೆ ಬಂದರು. ಮನೆಯ ಮುಂದಿನ ಚಪ್ಪರದಡಿ ಚಂದ್ರಿಕೆಗಳು ಸಾಲಾಗಿ ನಿಂತಿದ್ದವು. ಬೆಟ್ಟದ ಕಡೆಯಲ್ಲಿ ಒಂದು ಮೋಡ ಇತ್ತು. ಬಹಳ ದೊಡ್ಡದೇನಲ್ಲ. ಅವರು ಅದನ್ನು ನೋಡಿದರು, ಚಪ್ಪರದ ಮೇಲಿನ ಹಳೆಯ ಟಾರ್ಪಾಲನ್ನು ನೋಡಿದರು. ಕತ್ತಿ ಕೈಗೆ ತೆಗೆದುಕೊಂಡು ನೆಟ್ಟಗೆ ಬಸ್ ನಿಲ್ಲುವ ಕಡೆ ನಡೆದರು. ನಾನು ಹಿಂದೆಯೇ ಹೋದೆ.

ಅಂಗಡಿಯ ಮುಂದೆ ಹತ್ತಾರು ಜನ. ಅವರೆಲ್ಲರಿಗೂ ಕೇಳಿಸುವ ಹಾಗೆ ರತ್ನಮ್ಮ ಅಂದರು: "ಅಣ್ಣ, ಮೋಡ ಆಗದ. ಚಂದ್ರಿಕೆ ಆಚ್ಗಡೆ ಅವೆ, ಟಾರ್ಪಲ್ ಸಾಲ್ದು. ಅದ ಇಳಿಸ್ಕೊಡು."

ನಾಗಮಲ್ಲ ತಲೆಯೆತ್ತಿ ಆಕಾಶ ನೋಡಿದರು, ಆಮೇಲೆ ತಂಗಿಯನ್ನು. ಗೂಡು ಕಟ್ಟುವ ಹುಳ ನೆನೆಯುತ್ತದೆ ಅಂದ ಮೇಲೆ ರೇಷ್ಮೆ ಬೆಳೆಯುವ ಊರಿನಲ್ಲಿ ಯಾರೂ ಇನ್ನೊಂದು ಮಾತಾಡುವುದಿಲ್ಲ. ಅವರೇ ಪಂಚೆ ಎತ್ತಿ ಕಟ್ಟಿ ಕಂಬ ಹತ್ತಿದರು. ಹತ್ತುವಾಗ, "ಏ, ಗೂಡು ನೆನ್ಕತವೆ ಕಣ್ರಪ್ಪ, ನಿತ್ಕ ನೋಡ್ತಿರಲ್ಲ, ಆ ಕಡೆ ಹಗ್ಗ ಬುಚ್ರಲಾ" ಎಂದು ಕೂಗಿದರು. ಟೀ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಫ್ಲೆಕ್ಸಿನ ಕೆಳಸಾಲಿನಲ್ಲಿ ಮುಖ ಇದ್ದವರೇ ಅದನ್ನು ಮಡಿಸಿ ತಲೆಯ ಮೇಲೆ ಹೊತ್ತು ತಂದು, ಚಪ್ಪರದ ಮೇಲೆ ಹರಡಿ ಕಲ್ಲಿಟ್ಟರು. ಹುಡುಗ ಬಿದ್ದುಹೋದ ಎಂದು ಒಬ್ಬರೂ ಅನ್ನಲಿಲ್ಲ. ಅನ್ನಲು ಅಲ್ಲಿ ಜಾಗವೇ ಇರಲಿಲ್ಲ.

ರತ್ನಮ್ಮ ನನ್ನ ಫೋನಿನಲ್ಲೇ ಮಗನಿಗೆ ಮಾತಾಡಿದರು. "ಮೊಗ, ಅದ ಇಳ್ಸಾಯ್ತು. ಚಂದ್ರಿಕೆ ಮ್ಯಾಲೆ ಆಕಿವಿ. ಹುಳ ಹಣ್ಣಾಗವೆ, ಕೈ ಸಾಲ್ದು. ಬಾ." ಅಷ್ಟೇ. ಶಿಬಿರದ ಮಾತಿಲ್ಲ, ಸೆಕ್ಯುರಿಟಿ ಕೆಲಸದ ಮಾತಿಲ್ಲ.

ಮುಂದಿನ ಬಸ್ಸಿಗೇ ಮಾದೇಶ ಬಂದಿಳಿದ. ಬರಿಯ ಎರಡು ಕಂಬಗಳ ನಡುವೆ ನಡೆದು ಮನೆಗೆ ಹೋಗಿ, ಅಂಗಿ ಬದಲಿಸಿ, ಅಪ್ಪನ ಪಕ್ಕ ಕೂತು ಹುಳ ಆರಿಸತೊಡಗಿದ. ಮೋಡ ಹಾಗೇ ಆಚೆ ಸರಿದುಹೋಯಿತು. ಅವತ್ತು ಅಜ್ಜೀಪುರಕ್ಕೆ ಒಂದು ಹನಿಯೂ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಅವನು ಓಡಿದ ಎಂದು ನಾಗಮಲ್ಲನೇ ಫೋನು ಮಾಡಿ ಹೇಳಿದರು. ಆ ಮೇಲೆ ದಿನಾ ಓಡಿದ. ರಜೆಯ ದಿನಗಳಲ್ಲಿ ನಾನು ಹೋಗುತ್ತಿದ್ದೆ. ಸಂಘದ ಹುಡುಗರನ್ನು ಒಬ್ಬೊಬ್ಬರಾಗಿ ಅವನ ಕಡೆಗೆ ನುಗ್ಗಿಸಿ, ಕಾಲು ಹಿಡಿಯುವುದನ್ನು ತಿದ್ದುತ್ತಿದ್ದೆ. ಶಿಬಿರದಲ್ಲಿ ಕಲಿತದ್ದು ಬಹಳ ಇತ್ತು ಅವನಲ್ಲಿ. ಮೊದಲು ಹಿಡಿದ ಕಾಲನ್ನು ಎಳೆಯುತ್ತಿದ್ದ, ಈಗ ಹಿಡಿದು ಮೈಭಾರ ಬಿಡುತ್ತಿದ್ದ. ಈ ಚಿಕ್ಕ ವ್ಯತ್ಯಾಸವನ್ನು ನಾನು ಅಷ್ಟು ವರ್ಷದಲ್ಲಿ ಕಲಿಸಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಹುಡುಗರನ್ನು ಶಿಬಿರಕ್ಕೆ ಕಳಿಸಿ ಎಂದು ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ಜಾಗ ಸಿಗದೆ ಬಂದರೂ ಏನನ್ನಾದರೂ ಹೊತ್ತು ಬರುತ್ತಾರೆ.

ಕರೆ ಬಂದದ್ದು ಮುಂದಿನ ಬೆಳೆಯ ಹೊತ್ತಿಗೆ. ಅಪ್ಪ ಮಗ ಇಬ್ಬರೂ ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಗೂಡು ಸುರಿದು ಕೂತಿದ್ದರಂತೆ. ಎಡಮೂಲೆಯವನ ಭುಜ ಮತ್ತೆ ಕೈಕೊಟ್ಟಿತ್ತು. ಕೂಡಲೇ ಬಾ ಅಂದರು. ಶಿವಮಾದಪ್ಪ ಲಾಟು ಬಿಟ್ಟು ಏಳುವ ಹಾಗಿರಲಿಲ್ಲ, ಮಾದೇಶ ಒಬ್ಬನೇ ಓಡಿ ನಮ್ಮ ಮನೆಗೆ ಬಂದ. ಬೂಟು ಅವನ ಕೈಚೀಲದಲ್ಲೇ ಇತ್ತು. ಗೂಡು ಮಾರಲು ಬರುವಾಗಲೂ ಬೂಟು ತರುತ್ತಿದ್ದ ಎಂದು ನನಗೆ ಅವತ್ತೇ ತಿಳಿದದ್ದು. ನಮ್ಮ ಯಜಮಾನರ ಎರಡು ಅಂಗಿ, ಒಂದು ಡಬ್ಬಿ ಚಟ್ನಿಪುಡಿ ಕೊಟ್ಟು ಬಸ್ಸು ಹತ್ತಿಸಿದೆ.

ಓಟದ ಪರೀಕ್ಷೆ ಮುಗಿಸಿ ಫೋನು ಮಾಡಿದ. "ಉಸ್ರು ಅದೆ ಮಿಸ್," ಅಂದ. ನನಗೆ ಬೇರೇನೂ ಬೇಕಿರಲಿಲ್ಲ. ಕೆಲವು ಪಂದ್ಯ ಹೊರಗೆ ಕೂತ. ಟಿವಿಯಲ್ಲಿ ಅವನ ಮೊಣಕಾಲು ಕಂಡರೂ ನಮ್ಮ ಯಜಮಾನರು ಕೂಗಿ ನನ್ನನ್ನು ಅಡುಗೆಮನೆಯಿಂದ ಕರೆಯುತ್ತಿದ್ದರು. ಒಂದು ದಿನ ಕೊನೆಯ ಹೊತ್ತಿಗೆ ಒಳಗೆ ಇಳಿಸಿದರು. ಎದುರಾಳಿ ರೈಡರ್ ಹೆಸರುವಾಸಿ. ಎರಡು ಸಲ ಕಾಲು ಚಾಚಿ ಕೆಣಕಿದ, ಮಾದೇಶ ಅಲ್ಲಾಡಲಿಲ್ಲ. ಮೂರನೆಯ ಸಲಕ್ಕೆ ಹರಡು ಸಿಕ್ಕಿತು. ಹಿಡಿದ, ಭಾರ ಬಿಟ್ಟ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಅದೇ ಹುಡುಗ. ಹಾಲು ಉಕ್ಕಿ ಒಲೆ ಆರಿದ್ದು ನಮಗೆ ಆಮೇಲೆ ಗೊತ್ತಾಯಿತು. ಸೀಸನ್ನು ಮುಗಿಯುವ ತನಕ ತಂಡದಲ್ಲೇ ಇದ್ದ. ಬರುವ ಸಲಕ್ಕೂ ಇರಲಿ ಎಂದು ಬೇರೆ ಕರಾರು ಮಾಡಿದ್ದಾರೆ. ಅದನ್ನೂ ಸಾಲು ಸಾಲಾಗಿ ಓದಿ ಹೇಳಿದೆ.

ಅದನ್ನು ಓದಿದ್ದು ಅಜ್ಜೀಪುರದ ಅದೇ ಜಗಲಿಯಲ್ಲಿ. ಹುಳ ಮತ್ತೆ ಚಂದ್ರಿಕೆ ಹತ್ತಿದ್ದವು. ಚಪ್ಪರದ ಮೇಲೆ ಹಳೆಯ ಫ್ಲೆಕ್ಸು ಹಾಗೇ ಇತ್ತು. ಹುಲಿಯ ಬಣ್ಣ ಬಿಸಿಲಿಗೆ ಹೋಗಿತ್ತು, ನನ್ನ ಭುಜದ ಮೇಲಿನ ಕೈ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ನಾಗಮಲ್ಲ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ ನನ್ನ ಮುಖ ನೋಡದೆ, "ಈಗಾದ್ರೂ ಒಂದ್ ಆಕ್ಸಬೋದ ಮೇಡಮ್ಮೋರೆ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹುಳಮನೆಯ ಒಳಗಿಂದ ರತ್ನಮ್ಮ ಅಂದರು: "ಆಕ್ಸಣ್ಣ. ಈ ಸಲ ವಸಿ ಅಗ್ಲುಕೆ ಮಾಡ್ಸು. ಚಂದ್ರಿಕೆ ಜಾಸ್ತಿ ಆಗವೆ."

ನಾಗಮಲ್ಲ ಎದ್ದು, ಚಪ್ಪರದ ಈ ಕಂಬದಿಂದ ಆ ಕಂಬಕ್ಕೆ ಮೊಳ ಹಾಕತೊಡಗಿದರು.